ಹಿಟಾಚಿಗೆ ಬಕೆಟ್ ಬಿಚ್ಚಿ ಬ್ರೇಕರ್ ಹಾಕೋದು, ಬೆರಳು ಉಳಿಸ್ಕೊಂಡು

ಬೆಂಗಳೂರಲ್ಲಿ ಬೇಸ್‌ಮೆಂಟ್ ತೆಗೆಯೋ ಸೈಟಲ್ಲಿ ಕೆಲಸ ಮಾಡಿದವ್ರಿಗೆ ಗೊತ್ತಿರತ್ತೆ, ಕೆಂಪು ಮಣ್ಣು ಇರೋವರ್ಗೂ ಬಕೆಟ್ ಸಲೀಸಾಗಿ ಇಳಿಯತ್ತೆ, ಆಮೇಲೆ ಟಣ್ ಅಂತ ಬಂಡೆ ಸಿಗತ್ತೆ, ಅಲ್ಲಿಂದ ಬಕೆಟ್ ಬಿಚ್ಚು ಬ್ರೇಕರ್ (ಬಂಡೆ ಕುಟ್ಟಿ ಒಡೆಯೋ ಹೈಡ್ರಾಲಿಕ್ ಸುತ್ತಿಗೆ) ಹಾಕು, ಬ್ರೇಕರ್ ಬಿಚ್ಚು ಬಕೆಟ್ ಹಾಕು, ಇದೇ ಕೆಲಸ. ನಾನು ಕಣ್ಣಾರೆ ನೋಡಿದ ಪೆಟ್ಟುಗಳಲ್ಲಿ ಜಾಸ್ತಿ ಆಗಿರೋದು ಬಂಡೆ ಒಡೆಯುವಾಗ ಅಲ್ಲ, ಈ ಬಿಚ್ಚಿ ಹಾಕೋ ಅರ್ಧ ಗಂಟೇಲಿ. ಅದಕ್ಕೇ 20 ಟನ್ ಮಷೀನ್ ಇಟ್ಕೊಂಡು ಬರೀತಿದೀನಿ, ಜೇಸಿಬಿಗೂ ಹೆಚ್ಚುಕಮ್ಮಿ ಇದೇ ಕ್ರಮ.

ಮೊದ್ಲು ಬ್ರೇಕರ್ ನಿಮ್ಮ ಮಷೀನಿಗೆ ಹೊಂದತ್ತಾ ನೋಡಿ. ಬಾಡಿಗೆಗೆ ಸಿಕ್ತು ಅಂತ ದೊಡ್ಡದು ತಗುಲಿಸಿದ್ರೆ ಬೂಮ್ (ಮಷೀನಿನ ದೊಡ್ಡ ತೋಳು) ಉದ್ದ ಚಾಚಿದಾಗ ಮಷೀನ್ ಮುಂದಕ್ಕೆ ಮುಗ್ಗರಿಸತ್ತೆ, ರ‍್ಯಾಂಪ್ ಮೇಲಂತೂ ಕೇಳೋದೇ ಬೇಡ. ತೂಕ, ಪಿನ್ (ಬಕೆಟ್ಟನ್ನೋ ಬ್ರೇಕರನ್ನೋ ತೋಳಿಗೆ ಸೇರಿಸೋ ದಪ್ಪ ಉಕ್ಕಿನ ಗೂಟ) ಸೈಜು, ಆಯಿಲ್ ಫ್ಲೋ, ಪ್ರೆಷರ್ ಈ ನಾಲ್ಕೂ ಬ್ರೇಕರ್ ಪ್ಲೇಟಲ್ಲೂ ಮಷೀನ್ ಬುಕ್ಕಲ್ಲೂ ತಾಳೆ ಆಗ್ಬೇಕು.

ಜಾಗ ಮಟ್ಟವಾಗಿರ್ಲಿ. ಬ್ರೇಕರನ್ನ ಮರದ ದಿಮ್ಮಿ ಮೇಲೆ ಉರುಳದ ಹಾಗೆ ಮಲಗಿಸಿ, ಬಕೆಟ್ ಪೂರ್ತಿ ನೆಲಕ್ಕೆ ಕೂರಿಸಿ, ಇಂಜಿನ್ ಆಫ್ ಮಾಡಿ ಕೀ ತೆಗೆದು ಪಿನ್ ಬಡಿಯೋನ ಜೇಬಿಗೆ ಕೊಡಿ, ಅವನು ವಾಪಸ್ ಕೊಡೋವರ್ಗೂ ಯಾರೂ ಸ್ಟಾರ್ಟ್ ಮಾಡೋಹಾಗಿಲ್ಲ. ಪಿನ್ ಬಡಿಯುವಾಗ ಸುತ್ತಿಗೆ ನೇರ ಪಿನ್ ಮೇಲೆ ಬೀಳಬಾರದು, ಗಟ್ಟಿ ಉಕ್ಕು, ಚೂರು ಎಗರಿ ಕಣ್ಣಿಗೆ ಬಡಿಯತ್ತೆ. ಮಧ್ಯೆ ಹಿತ್ತಾಳೆ ರಾಡ್ ಕೊಡಿ, ಕನ್ನಡಕ ಹಾಕಿ, ಪಿನ್ ಹೊರಗೆ ಬರೋ ಕಡೆ ಯಾರೂ ನಿಲ್ಲಬೇಡಿ.

ಈಗ ನಿಜವಾದ ಅಪಾಯದ ಜಾಗ. ಆರ್ಮ್ (ಬೂಮ್ ತುದೀಲಿರೋ ಮುಂದಿನ ತೋಳು) ತಂದು ಬ್ರೇಕರ್ ಬ್ರಾಕೆಟ್ ಒಳಗೆ ಇಳಿಸಿದಾಗ ತೂತಿಗೆ ತೂತು ಕೂಡಿದ್ಯಾ ನೋಡ್ಬೇಕಲ್ಲ, ಆಗ ಕೈ ತಾನಾಗೇ ಹೋಗಿ ಬೆರಳು ತೂತಲ್ಲಿ ಇಡತ್ತೆ. ನಮ್ಮ ಸೈಟಲ್ಲಿ ಒಬ್ಬ ಹುಡುಗ, ಹೆಲ್ಪರ್, ಹಂಗೇ ಇಟ್ಟ, ಆಪರೇಟರ್ "ಒಂಚೂರು ಎತ್ತಲಾ" ಅಂತ ಕೇಳ್ದ, ಪಕ್ಕದಲ್ಲಿದ್ದ ಬೇರೆ ಯಾರೋ "ಹ್ಞೂಂ ಎತ್ತಣ್ಣ" ಅಂದ್ರು, ಆರ್ಮ್ ಅಲುಗಿದ್ದು ಅರ್ಧ ಇಂಚೂ ಇಲ್ಲ, ತೋರುಬೆರಳ ತುದಿ ಗ್ಲೌಸ್ ಒಳಗೇ ಉಳೀತು. ಅವನ ಮುಖ ಇವತ್ತಿಗೂ ಮರೆಯೋಕಾಗಿಲ್ಲ. ಅವತ್ತಿಂದ ನನ್ನ ಮಷೀನ್ ಹತ್ರ ಎರಡೇ ನಿಯಮ: ತೂತನ್ನ ಟಾರ್ಚ್ ಬೆಳಕು ಬಿಟ್ಟು ನೋಡ್ಬೇಕು, ಹಾರೆಯಿಂದ ಸರಿಸ್ಬೇಕು, ಮತ್ತೆ ಸಿಗ್ನಲ್ ಕೊಡೋದು ಒಬ್ನೇ, ಉಳಿದವ್ರು ಬಾಯಿ ಮುಚ್ಕೊಂಡು ದೂರ.

ಪಿನ್‌ಗೆ ಗ್ರೀಸ್ ಸವರಿ ಹಾಕಿ, ಸಂದು ಇದ್ರೆ ವಾಷರ್ ತುಂಬಿಸಿ, ಲಾಕ್ ಬೋಲ್ಟ್ ಹಾಕಿ ನಟ್ ಬಿಗಿ ಮಾಡಿ. ಬೋಲ್ಟ್ ಸಿಗ್ಲಿಲ್ಲ ಅಂತ ಕಬ್ಬಿಣದ ತುಂಡೋ ಬೈಂಡಿಂಗ್ ವೈರೋ ತುರುಕೋದು ಬೇಡವೇ ಬೇಡ. ಕ್ವಿಕ್ ಕಪ್ಲರ್ (ಪಿನ್ ಬಡಿಯದೇ ಬಕೆಟ್, ಬ್ರೇಕರ್ ಬೇಗ ಬದಲಾಯಿಸೋ ಕೊಂಡಿ) ಇರೋ ಮಷೀನ್ ಆದ್ರೆ ಕ್ಯಾಬಿನಲ್ಲಿ ಲೈಟ್ ಬಂತು ಅಂತ ನಂಬಬೇಡಿ, ಇಳಿದು ಲಾಕ್ ಕೂತಿರೋದನ್ನ ಕಣ್ಣಲ್ಲಿ ನೋಡಿ, ಆಮೇಲೆ ನೆಲದಿಂದ ಒಂದಡಿ ಎತ್ತರದಲ್ಲೇ ಒಳಗೆ ಹೊರಗೆ ಮಡಚಿ ಅಲ್ಲಾಡಿಸಿ ನೋಡಿ.

ಹೋಸ್ (ಬ್ರೇಕರಿಗೆ ಆಯಿಲ್ ಹೋಗೋ ಪೈಪ್) ಬಿಚ್ಚೋಕೆ ಮುಂಚೆ ಇಂಜಿನ್ ಆಫಲ್ಲಿ ಬ್ರೇಕರ್ ಪೆಡಲನ್ನ ಬುಕ್ಕಲ್ಲಿ ಹೇಳಿರೋ ಹಾಗೆ ನಾಲ್ಕೈದು ಸಲ ತುಳಿದು ಲೈನಲ್ಲಿರೋ ಪ್ರೆಷರ್ ಇಳಿಸಿ. ಕನೆಕ್ಟರ್ ಬಾಯಿ ಒರೆಸಿ, ಒಂದು ಕಾಳು ಮರಳು ಒಳಗೆ ಹೋದ್ರೂ ಪಂಪ್‌ವರೆಗೆ ಖರ್ಚು ಬರತ್ತೆ. ಲೀಕ್ ಹುಡುಕೋಕೆ ಕೈ ಸವರಬೇಡಿ, ರಟ್ಟಿನ ತುಂಡು ಹಿಡೀರಿ. ಸಣ್ಣ ತೂತಿಂದ ಚಿಮ್ಮೋ ಆಯಿಲ್ ಚರ್ಮದೊಳಗೆ ನುಗ್ಗಿದ್ರೆ ಮೇಲೆ ಸೂಜಿ ಚುಚ್ಚಿದಷ್ಟೇ ಕಾಣತ್ತೆ, ನೋವೂ ಮೊದ್ಲು ಕಮ್ಮಿ, ಆದ್ರೆ ತಡ ಮಾಡಿದ್ರೆ ಕೈನೇ ಹೋಗಬಹುದು, ಆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಆಯಿಲ್ ಅಂತಾನೇ ಹೇಳಿ.

ಬ್ರೇಕರಿಗೆ ಗ್ರೀಸ್ ಹೊಡೆಯುವಾಗ ಚಿಸೆಲನ್ನ (ಬ್ರೇಕರ್ ತುದೀಲಿ ಕಲ್ಲು ಕುಟ್ಟೋ ಉಳಿ) ನೆಲಕ್ಕೆ ನೆಟ್ಟಗೆ ಒತ್ತಿ, ಅದು ಪೂರ್ತಿ ಒಳಗೆ ಹೋಗಿರ್ಬೇಕು, ಇಲ್ಲಾಂದ್ರೆ ಗ್ರೀಸ್ ಪಿಸ್ಟನ್ ಕೆಳಗೆ ತುಂಬಿ ಸೀಲ್ ಒಡೆಯತ್ತೆ. ಆಮೇಲೆ ಇಂಜಿನ್ ಆಫ್ ಮಾಡಿ ಹೊಡೀರಿ, ಎರಡೆರಡು ಗಂಟೆಗೊಮ್ಮೆ.

ಒಡೆಯೋಕೆ ಶುರು ಮಾಡಿದ್ಮೇಲೆ ಚಿಸೆಲ್ ಬಂಡೆಗೆ ನೆಟ್ಟಗೆ ಇರ್ಲಿ. 15-20 ಸೆಕೆಂಡ್ ಹೊಡೆದ್ರೂ ಒಡೀಲಿಲ್ಲ ಅಂದ್ರೆ ಜಾಗ ಬದಲಾಯಿಸಿ, ಒಂದೇ ಕಡೆ ಕುಟ್ತಾ ಇದ್ರೆ ಚಿಸೆಲ್ ತುದಿ ಕಾದು ಮೆತ್ತಗಾಗತ್ತೆ. ಕಲ್ಲು ಸೀಳಿದ ತಕ್ಷಣ ಪೆಡಲ್ ಬಿಡಿ, ಗಾಳೀಲಿ ಹೊಡೆದ ಒಂದೊಂದು ಪೆಟ್ಟೂ ಬ್ರೇಕರ್ ಮೇಲೇ ಬೀಳತ್ತೆ. ಬ್ರೇಕರನ್ನ ಹಾರೆ ಥರ ಮೀಟೋದು, ಅದಕ್ಕೆ ಸ್ಲಿಂಗ್ ಕಟ್ಟಿ ಕಲ್ಲು ಎತ್ತೋದು ಮಾಡಬೇಡಿ. ಮುಂದಿನ ಗ್ಲಾಸ್‌ಗೆ ಜಾಲರಿ, ಕಿವಿಗೆ ಇಯರ್ ಪ್ಲಗ್ ಇರ್ಲಿ, ಚೂರು ತುಂಬಾ ದೂರ ಹಾರತ್ತೆ, ಕೆಲಸ ನಡೀವಾಗ ಹತ್ತಿರ ಯಾರೂ ಇರಬಾರದು, ಚಹಾ ತರೋ ಹುಡುಗನೂ.

ಮೊದಲ ಒಂದು ಗಂಟೆ ಆದ್ಮೇಲೆ ನಿಲ್ಲಿಸಿ, ಇಳಿದು ಪಿನ್ ಬೋಲ್ಟು, ಹೋಸ್ ನಟ್ಟು ಎಲ್ಲ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಆ ಕುಟ್ಟಾಟಕ್ಕೆ ಒಂದಾದ್ರೂ ಸಡಿಲ ಆಗಿರತ್ತೆ.