ಪೀರ್ ರಿವ್ಯೂಗೆ ಪಿಎಚ್‌ಡಿ ವಿದ್ಯಾರ್ಥಿಗಳು: ನಮ್ಮ ಲ್ಯಾಬಿನಲ್ಲಿ ಮಾಡುವ ಕ್ರಮ

ಜರ್ನಲ್‌ನಿಂದ ಪೀರ್ ರಿವ್ಯೂಗೆ, ಅಂದರೆ ಪ್ರಕಟಣೆಗೆ ಬಂದ ಪ್ರಬಂಧವನ್ನು ಅದೇ ಕ್ಷೇತ್ರದವರು ಪರಿಶೀಲಿಸಿ ವರದಿ ಕೊಡುವ ಕೆಲಸಕ್ಕೆ, ಆಹ್ವಾನ ಬಂದರೆ ಗೈಡ್ ಆದವರು ಆ ಪ್ರಬಂಧದ ಪಿಡಿಎಫ್ ಅನ್ನು ವಿದ್ಯಾರ್ಥಿಗೆ ಕಳಿಸಿ, "ಸ್ವಲ್ಪ ನೋಡಿ ಬರೆದುಕೊಡಪ್ಪಾ" ಅನ್ನುವುದು ಬಹಳ ಕಡೆ ನಡೆದುಬಂದಿದೆ. ವಿದ್ಯಾರ್ಥಿ ಬರೆದದ್ದು ಗೈಡ್ ಹೆಸರಿನಲ್ಲಿ ಹೋಗುತ್ತದೆ. 2019ರಲ್ಲಿ ಜೀವವಿಜ್ಞಾನದ ಜರ್ನಲ್ ‘ಇಲೈಫ್’ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಯುವ ಸಂಶೋಧಕರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೀಗೆ ಹೆಸರಿಲ್ಲದೆ ರಿವ್ಯೂ ಬರೆದುಕೊಟ್ಟವರೇ. ರಿವ್ಯೂ ಬರೆದೇ ರಿವ್ಯೂ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರು ಮುಚ್ಚಿಟ್ಟು ದುಡಿಸಿಕೊಳ್ಳುವುದು ಅನ್ಯಾಯ. ಹಸ್ತಪ್ರತಿ (ಇನ್ನೂ ಪ್ರಕಟವಾಗದ ಪ್ರಬಂಧ) ಯಾರ ಕೈ ಸೇರಿತೆಂದು ಸಂಪಾದಕರಿಗೆ ತಿಳಿಯದಿದ್ದರೆ ಗೋಪ್ಯತೆಯ ನಿಯಮವೂ ಮುರಿಯುತ್ತದೆ. ರಿವ್ಯೂಯರ್ ಜೊತೆ ಯಾರಾದರೂ ಕೆಲಸ ಮಾಡಿದರೆ ಅವರ ಹೆಸರನ್ನು ಜರ್ನಲ್‌ಗೆ ತಿಳಿಸಬೇಕೆಂದು ಪ್ರಕಾಶನ ನೀತಿಯ ಸಮಿತಿ ‘ಕೋಪ್’ ಸ್ಪಷ್ಟವಾಗಿಯೇ ಹೇಳಿದೆ.

ನಮ್ಮದು ಜೀವಕೋಶ ವಿಜ್ಞಾನದ ಲ್ಯಾಬ್. ಆಹ್ವಾನ ಒಪ್ಪಿಕೊಳ್ಳುವ ಮೊದಲೇ ಸಂಪಾದಕರಿಗೆ ಮೂರು ಸಾಲಿನ ಮೇಲ್ ಹಾಕುತ್ತೇನೆ: ಇಂಥ ವಿದ್ಯಾರ್ಥಿ ನನ್ನ ಜೊತೆ ರಿವ್ಯೂ ಮಾಡಬಹುದೇ, ಅವರ ಇಮೇಲ್ ಮತ್ತು ಆರ್ಕಿಡ್ ಸಂಖ್ಯೆ (ಸಂಶೋಧಕರ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇದು, ಹಸ್ತಪ್ರತಿ ನಮ್ಮಿಬ್ಬರನ್ನು ಬಿಟ್ಟು ಬೇರೆಯವರಿಗೆ ಹೋಗುವುದಿಲ್ಲ. ಒಪ್ಪಿಗೆ ಬರುವ ತನಕ ವಿದ್ಯಾರ್ಥಿಗೆ ಸಾರಾಂಶವನ್ನೂ ತೋರಿಸುವುದಿಲ್ಲ; ವಿಷಯ ಇಂಥದ್ದು, ಎರಡು ವಾರದಲ್ಲಿ ಬಿಡುವಿದೆಯೇ ಎಂದಷ್ಟೇ ಕೇಳುತ್ತೇನೆ. ಒಪ್ಪಿಗೆ ಬಂದಮೇಲೆ ಲೇಖಕರ ಪಟ್ಟಿ ನೋಡಿ ಹಿತಾಸಕ್ತಿ ಸಂಘರ್ಷ ಇದೆಯೇ ಎಂದು ವಿದ್ಯಾರ್ಥಿಯೇ ಹೇಳಬೇಕು. ಲೇಖಕರ ಲ್ಯಾಬಿಗೆ ವಿದ್ಯಾರ್ಥಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಅರ್ಜಿ ಹಾಕಿದ್ದರೆ ಅದು ಗೈಡ್‌ಗೆ ಗೊತ್ತಿರುವುದಿಲ್ಲ. ಪ್ರಬಂಧದ ಪ್ರಶ್ನೆ ಅವರ ಥೀಸಿಸ್ ಪ್ರಶ್ನೆಯೇ ಆಗಿದ್ದರೆ ಆ ವಿದ್ಯಾರ್ಥಿ ಬೇಡವೇ ಬೇಡ. ವಿಧಾನ ಪರಿಚಿತ, ಪ್ರಶ್ನೆ ಬೇರೆ: ಅಂಥದ್ದು ಸೂಕ್ತ. ಒಂದು ಪ್ರಬಂಧಕ್ಕೆ ಒಬ್ಬರೇ ವಿದ್ಯಾರ್ಥಿ. ಇಡೀ ಲ್ಯಾಬ್ ಕೂತು ಚರ್ಚಿಸುವ ಸರಕು ಇದಲ್ಲ.

ಓದುವಾಗ ಮೊದಲು ಚಿತ್ರಗಳು ಮತ್ತು ಅವುಗಳ ಅಡಿಬರಹ, ಆಮೇಲೆ ವಿಧಾನ, ಆಮೇಲೆ ಫಲಿತಾಂಶ. ಪೀಠಿಕೆ ಮತ್ತು ಚರ್ಚೆಯ ಭಾಗ ಕೊನೆಗೆ, ಯಾಕೆಂದರೆ ಲೇಖಕರ ವಾದ ಮೊದಲೇ ತಲೆಗೆ ಹತ್ತಿದರೆ ದತ್ತಾಂಶ ಅದರ ಬಣ್ಣದಲ್ಲೇ ಕಾಣುತ್ತದೆ. ಒಂದೊಂದು ಹೇಳಿಕೆಯ ಎದುರು ಅದನ್ನು ಹೊರುವ ಚಿತ್ರ ಯಾವುದು, ಪುರಾವೆ ಸಾಕೇ ಎಂದು ಒಂದು ಪಟ್ಟಿ ಮಾಡಬೇಕು. ನಾವಿಬ್ಬರೂ ಬೇರೆಬೇರೆಯಾಗಿ ಪೂರ್ತಿ ವರದಿ ಬರೆಯುತ್ತೇವೆ. ನನ್ನದನ್ನು ಮೊದಲು ತೋರಿಸಿದರೆ ವಿದ್ಯಾರ್ಥಿ ನನ್ನ ಅಭಿಪ್ರಾಯವನ್ನೇ ಚಂದ ಮಾಡಿ ಬರೆಯುತ್ತಾರೆ, ಅಷ್ಟೇ.

ಹೊಸಬರ ಟಿಪ್ಪಣಿ ಎಲ್ಲಿ ಸಡಿಲವಾಗುತ್ತದೆ ಎನ್ನುವುದಕ್ಕೆ ಒಂದು ಮಾದರಿ. ಎರಡು ಗುಂಪು, ಗುಂಪಿಗೆ 3 ಇಲಿ, ಇಲಿಗೆ 60 ಜೀವಕೋಶ; ಚಿತ್ರದಡಿ ಎನ್ (ಪ್ರತಿ ಗುಂಪಿನ ಮಾದರಿ ಸಂಖ್ಯೆ) = 180, ಪಿ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಕಾಣುವ ಸಂಭವನೀಯತೆ) 0.0001ಕ್ಕಿಂತ ಕಡಿಮೆ ಎಂದಿದೆ. ವಿದ್ಯಾರ್ಥಿ ಬರೆಯುವುದು: "ಸಂಖ್ಯಾಶಾಸ್ತ್ರ ಸರಿಯಿಲ್ಲ." ಇದರಿಂದ ಲೇಖಕರಿಗೂ ಸಂಪಾದಕರಿಗೂ ಏನೂ ಸಿಗದು. ಹೀಗೆ ಬರೆಯಿಸುತ್ತೇನೆ: "ಚಿತ್ರ 3ರಲ್ಲಿ ಎನ್ ಎಂದು ಎಣಿಸಿರುವುದು ಜೀವಕೋಶಗಳನ್ನು. ಒಂದೇ ಇಲಿಯ ಜೀವಕೋಶಗಳು ಪರಸ್ಪರ ಸ್ವತಂತ್ರವಲ್ಲವಾದ್ದರಿಂದ ಪಿ ಮೌಲ್ಯ ಇರಬೇಕಾದ್ದಕ್ಕಿಂತ ತೀರಾ ಚಿಕ್ಕದಾಗಿ ಬರುತ್ತದೆ. ಪ್ರತಿ ಇಲಿಯ ಸರಾಸರಿ ತೆಗೆದು ಎನ್ = 3 ಇಟ್ಟುಕೊಂಡು ಹೋಲಿಸಿ, ಇಲ್ಲವೇ ಇಲಿಯನ್ನು ರ‍್ಯಾಂಡಮ್ ಎಫೆಕ್ಟ್ ಆಗಿಟ್ಟು ಮಿಶ್ರ ಮಾದರಿ (ಇಲಿಯಿಂದ ಇಲಿಗೆ ಇರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ) ಬಳಸಿ; ಒಂದೊಂದು ಇಲಿಯ ಬಿಂದುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ." ಎಲ್ಲಿ, ಏನು, ಯಾಕೆ, ಏನು ಮಾಡಬೇಕು: ನಾಲ್ಕೂ ಇದ್ದರೆ ಮಾತ್ರ ಅದು ಟಿಪ್ಪಣಿ.

ಇನ್ನೊಂದು ಅಭ್ಯಾಸ, ಹೊಸ ಪ್ರಯೋಗಗಳನ್ನು ಬೇಕಾಬಿಟ್ಟಿ ಕೇಳುವುದು. ಈ ಪ್ರಯೋಗವಿಲ್ಲದಿದ್ದರೆ ಯಾವ ಹೇಳಿಕೆ ನಿಲ್ಲುವುದಿಲ್ಲ ಎಂದು ಪ್ರತಿಯೊಂದಕ್ಕೂ ಬರೆಯಲು ಹೇಳುತ್ತೇನೆ. ನಾಕ್‌ಔಟ್ ಇಲಿ (ಒಂದು ಜೀನ್ ಕೆಲಸ ಮಾಡದಂತೆ ಮಾಡಿದ ಇಲಿ) ಮಾಡಿಸಿ ಎಂದು ಒಂದು ಸಾಲು ಗೀಚುವುದು ಸುಲಭ. ಅದನ್ನು ಮಾಡುವವರಿಗೆ ಒಂದು ವರ್ಷವೇ ಹಿಡಿಯಬಹುದು. ಎಷ್ಟೋ ಸಲ ಹೇಳಿಕೆಯನ್ನು ತುಸು ತಗ್ಗಿಸಿದರೆ ಸಾಕಾಗುತ್ತದೆ. "ಲೇಖಕರಿಗೆ ತಿಳುವಳಿಕೆಯಿಲ್ಲ" ಎಂಬಂಥ ಮಾತು ಕರಡಿನಲ್ಲೇ ಹೊಡೆದುಹಾಕಬೇಕು. ವ್ಯಾಕರಣ ತಿದ್ದುವುದು ನಮ್ಮ ಕೆಲಸವಲ್ಲ. ಹಸ್ತಪ್ರತಿಯನ್ನು ಚಾಟ್‌ಜಿಪಿಟಿಯಂಥ ಸಾಧನಕ್ಕೆ ಹಾಕುವಂತಿಲ್ಲ. ಅನುದಾನ ಅರ್ಜಿಗಳ ರಿವ್ಯೂಯಲ್ಲಿ ಅದನ್ನು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರಲ್ಲೇ ನಿಷೇಧಿಸಿತು.

ಡೆಡ್‌ಲೈನ್‌ಗೆ ಮೂರ್ನಾಲ್ಕು ದಿನ ಇರುವಾಗ ಇಬ್ಬರೂ ಎರಡೂ ವರದಿ ಎದುರಿಟ್ಟುಕೊಂಡು ಕೂರುತ್ತೇವೆ. ವಿದ್ಯಾರ್ಥಿಯ ಅಂಶವನ್ನು ಕೈಬಿಡುವುದಾದರೆ ಕಾರಣ ಹೇಳಲೇಬೇಕು, ಸದ್ದಿಲ್ಲದೆ ಅಳಿಸಬಾರದು. ನಾನು ಗಮನಿಸದ್ದನ್ನು ಅವರು ಹಿಡಿದಿರುತ್ತಾರೆ, ಅದರಲ್ಲೂ ದಿನಾ ಕೈಯಾರೆ ಮಾಡುವ ವಿಧಾನಗಳಲ್ಲಿ. ಲೇಖಕರಿಗೆ ಮೃದುವಾಗಿ ಬರೆದು, ಸಂಪಾದಕರಿಗೆ ಮಾತ್ರ ಕಾಣುವ ಅಂಕಣದಲ್ಲಿ "ತಿರಸ್ಕರಿಸಿ" ಅನ್ನಬಾರದು. ಪ್ರಬಂಧ ಯಾಕೆ ಬಿತ್ತೆಂದು ಲೇಖಕರಿಗೆ ಅರ್ಥವೇ ಆಗುವುದಿಲ್ಲ. ಸಹ-ರಿವ್ಯೂಯರ್ ಹೆಸರು ಕೇಳುವ ಜಾಗ ಪೋರ್ಟಲ್‌ನಲ್ಲಿ ಇದ್ದರೆ ಅಲ್ಲೇ ಹಾಕುತ್ತೇನೆ. ಇಲ್ಲದಿದ್ದರೆ ಗೋಪ್ಯ ಅಂಕಣದ ಮೊದಲ ಸಾಲೇ ಆ ಹೆಸರು. ಕ್ರೆಡಿಟ್ ಅವರ ಆರ್ಕಿಡ್ ದಾಖಲೆಗೂ ಸೇರಲಿ ಎಂದು ಸಂಪಾದಕರನ್ನು ಕೇಳುತ್ತೇನೆ.

ತೀರ್ಮಾನದ ಪತ್ರದ ಜೊತೆ ಉಳಿದ ರಿವ್ಯೂಯರ್‌ಗಳ ವರದಿ ಬಂದರೆ ತಪ್ಪದೆ ವಿದ್ಯಾರ್ಥಿಯ ಜೊತೆ ಕೂತು ಓದಬೇಕು. ನಮ್ಮ ಕಣ್ಣು ತಪ್ಪಿದ್ದೇನು, ನಾವು ಅತಿಯಾಗಿ ಎಳೆದದ್ದೇನು ಎಂಬುದು ಅಲ್ಲಿ ಗೊತ್ತಾಗುವಷ್ಟು ಇನ್ನೆಲ್ಲೂ ಗೊತ್ತಾಗುವುದಿಲ್ಲ. ತಿದ್ದಿದ ಪ್ರತಿ ವಾಪಸ್ ಬಂದಾಗಲೂ ಅದೇ ವಿದ್ಯಾರ್ಥಿಯೇ ಇರಬೇಕು.

ಇಷ್ಟಕ್ಕೂ ಮೊದಲ ಅಭ್ಯಾಸಕ್ಕೆ ಜೀವವಿಜ್ಞಾನದ ಮುಕ್ತ ತಾಣ ಬಯೋಆರ್ಕೈವ್‌ನ ಪ್ರಿಪ್ರಿಂಟ್ (ಪೀರ್ ರಿವ್ಯೂಗೆ ಮೊದಲೇ ಹಾಕಿದ ಪ್ರಬಂಧ) ಸಾಕು. ಅದು ಬಹಿರಂಗ, ಯಾರ ಅನುಮತಿಯೂ ಬೇಡ. ಬರೆದದ್ದು ಚೆನ್ನಾಗಿದ್ದರೆ ‘ಪ್ರೀರಿವ್ಯೂ’ ತಾಣದಲ್ಲಿ ಹೆಸರು ಹಾಕಿ ಪ್ರಕಟಿಸಬಹುದು.

ಎರಡು ಮೂರು ರಿವ್ಯೂ ಜೊತೆಗೆ ಮಾಡಿದವರನ್ನು ಸ್ವತಂತ್ರವಾಗಿ ನಿಲ್ಲಿಸಬೇಕು. ನಾನು ಆಹ್ವಾನ ನಿರಾಕರಿಸುವಾಗ ಬದಲಿ ಹೆಸರು ಕೇಳುವ ಜಾಗದಲ್ಲಿ ಅವರ ಹೆಸರು ಕೊಟ್ಟು, ಯಾವ ವಿಧಾನದಲ್ಲಿ ಪರಿಣತರೆಂದು ಒಂದು ಸಾಲು ಸೇರಿಸುತ್ತೇನೆ. ಸಂಪಾದಕರು ಆ ಹೆಸರನ್ನು ಹುಡುಕಿ ನೋಡುತ್ತಾರೆ. ಆರ್ಕಿಡ್ ಪುಟ ಖಾಲಿಯಿದ್ದು ಬರೀ ಜಿಮೇಲ್ ವಿಳಾಸ ಸಿಕ್ಕರೆ ಮುಂದಿನವರ ಕಡೆ ಹೋಗಿಬಿಡಬಹುದು. ಹಾಗಾಗಿ ಹೆಸರು ಕೊಡುವ ಮುಂಚೆ ಸಂಸ್ಥೆಯ ಇಮೇಲ್, ಪ್ರಕಟಣೆಗಳ ಪಟ್ಟಿ, ಗೊತ್ತಿರುವ ವಿಧಾನಗಳು, ಮೂರನ್ನೂ ತುಂಬಿಸಿರುತ್ತೇನೆ.