ಬೂದಿ ಹೊಂಡದ ಆಸುಪಾಸಿನ ಕೊಳವೆಬಾವಿ: ನೀರು ಪರೀಕ್ಷೆ ಮಾಡಿಸುವುದು ಹೇಗೆ?

ರಾಯಚೂರು ತಾಲ್ಲೂಕಿನ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತಿಗಾಗಿ ಕಲ್ಲಿದ್ದಲು ಉರಿಯುತ್ತಿದೆ. ಯರಮರಸ್‌ನಲ್ಲೂ ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲೂ ಶಾಖೋತ್ಪನ್ನ ಕೇಂದ್ರಗಳಿವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಸಿಮೆಂಟ್‌ಗೆ, ಇಟ್ಟಿಗೆಗೆ ಹೋಗಿ ಮಿಕ್ಕ ಬೂದಿಯನ್ನು ನೀರಿನಲ್ಲಿ ಕಲಸಿ ಹೊಂಡಕ್ಕೆ ಹರಿಸುವುದು ರೂಢಿ. ಕುಲುಮೆಯ ಬಿಸಿಗೆ ಆವಿಯಾದ ಆರ್ಸೆನಿಕ್, ಸೆಲೆನಿಯಂನಂಥ ವಿಷಕಾರಿ ಧಾತುಗಳು ತಣಿಯುವಾಗ ಬೂದಿಯ ಕಣಗಳ ಮೈಮೇಲೆ ಕೂರುತ್ತವೆ. ಹೊರಮೈಯಲ್ಲಿರುವುದರಿಂದಲೇ ನೀರು ತಾಗಿದರೆ ಸುಲಭವಾಗಿ ಕರಗುತ್ತವೆ. ಹೊಂಡದ ತಳಕ್ಕೆ ನೀರು ಬಸಿಯದಂಥ ಹಾಸು ಇಲ್ಲದಿದ್ದರೆ ಆ ನೀರು ನೆಲಕ್ಕೆ ಇಳಿಯುತ್ತದೆ.

ಇಳಿದದ್ದು ನಿಮ್ಮ ಬಾವಿಗೆ ಬಂದಿದೆಯೇ ಎಂಬುದು ಕಣ್ಣಿಗೆ, ನಾಲಿಗೆಗೆ ತಿಳಿಯುವುದಿಲ್ಲ. ಆರ್ಸೆನಿಕ್ ಬೆರೆತ ನೀರು ತಿಳಿಯಾಗಿಯೇ ಇರುತ್ತದೆ. ಕುದಿಸಿದರೆ ನೀರಷ್ಟೇ ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ. ಪರೀಕ್ಷೆಯೊಂದೇ ದಾರಿ.

ಲೋಹಗಳ ಹೆಸರು ಹೇಳಿ ಕೇಳಿ

‘ನೀರು ಪರೀಕ್ಷೆ ಮಾಡಿಕೊಡಿ’ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ಲೋರೈಡ್‌ಗಳ ಲೆಕ್ಕ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಪರೀಕ್ಷಾ ಕಿಟ್‌ನ ಮಿತಿಯೂ ಅಷ್ಟೇ. ಹಾಗಾಗಿ ನೀರು ಚೆನ್ನಾಗಿದೆ ಎಂಬ ವರದಿ ಕೈಯಲ್ಲಿರುವ ಎಷ್ಟೋ ಜನ ಲೋಹದ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ, ಸೆಲೆನಿಯಂ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೊತೆಗೆ ಬೋರಾನ್ ಮತ್ತು ಸಲ್ಫೇಟ್ ಸೇರಿಸಿ. ಇವೆರಡೂ ಬೂದಿಯಿಂದ ಬೇಗ ಬಿಟ್ಟುಕೊಂಡು ನೀರಿನೊಂದಿಗೇ ಸಾಗುವುದರಿಂದ ಲೋಹಗಳಿಗಿಂತ ಮೊದಲೇ ಸುಳಿವು ಕೊಡುತ್ತವೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಆ ಮಾನ್ಯತೆ ಈ ಲೋಹಗಳಿಗೂ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಒಂದೇ ಬಾವಿ ಸಾಲದು

ಇನ್ನೊಂದು ಬಾವಿಯ ನೀರಿನ ಪರೀಕ್ಷೆಯನ್ನು ಯಾರೂ ಬಿಡಬಾರದು. ಹಟ್ಟಿ–ಮಸ್ಕಿ ಚಿನ್ನದ ಪಟ್ಟಿಯ ಬಂಡೆಯಲ್ಲೇ ಆರ್ಸೆನಿಕ್ ಇದೆ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಕೂಡ ಬಂಡೆಯಿಂದಲೇ ಬರುತ್ತದೆ. ಬರೀ ನಿಮ್ಮ ಬಾವಿಯ ಅಂಕಿ ಹಿಡಿದುಕೊಂಡು ಹೋದರೆ ‘ಇದು ನೆಲದ ಗುಣ’ ಎಂಬ ಉತ್ತರ ಬರುತ್ತದೆ, ಅದನ್ನು ಅಲ್ಲಗಳೆಯಲು ನಿಮ್ಮ ಬಳಿ ಏನೂ ಇರುವುದಿಲ್ಲ. ಹೊಂಡಕ್ಕಿಂತ ಎತ್ತರದ ಕಡೆಯಿರುವ, ಹೊಂಡದ ನೀರು ಸಾಮಾನ್ಯವಾಗಿ ತಲುಪದ, ಹೆಚ್ಚುಕಡಿಮೆ ಅಷ್ಟೇ ಆಳದ ಇನ್ನೊಂದು ಕೊಳವೆಬಾವಿಯ ನೀರನ್ನೂ ಅದೇ ದಿನ ಹಿಡಿಯಿರಿ. ನಮ್ಮದು ಗ್ರಾನೈಟ್ ನೆಲ. ನೀರು ಬಂಡೆಯ ಬಿರುಕು ಹಿಡಿದು ಹೋಗುವುದರಿಂದ ಹೊಂಡದ ಪಕ್ಕದ ಬಾವಿ ಚೊಕ್ಕವಾಗಿದ್ದು ದೂರದ್ದು ಕೆಟ್ಟಿರಲೂಬಹುದು. ನಾಲ್ಕಾರು ಮನೆಯವರು ಸೇರಿ ಖರ್ಚು ಹಂಚಿಕೊಂಡರೆ ಹೆಚ್ಚು ಬಾವಿಗಳ ಚಿತ್ರಣ ಸಿಗುತ್ತದೆ.

ನೀರು ಹಿಡಿಯುವ ಬಗೆ

ಬಾಟಲಿಯನ್ನು ಪ್ರಯೋಗಾಲಯದಿಂದಲೇ ತನ್ನಿ. ಲೋಹದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲದ ಹನಿ ಹಾಕಿರುತ್ತಾರೆ. ಅದಿಲ್ಲದಿದ್ದರೆ ಲೋಹವು ಬಾಟಲಿಯ ಗೋಡೆಗೆ ಅಂಟಿ ಲೆಕ್ಕ ಕಡಿಮೆ ಬರುತ್ತದೆ. ಆಮ್ಲವಿರುವ ಬಾಟಲಿಯನ್ನು ತೊಳೆಯಬೇಡಿ, ಉಕ್ಕುವವರೆಗೆ ತುಂಬಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮೋಟಾರ್ ಹಾಕಿ ಕನಿಷ್ಠ ಹತ್ತು ನಿಮಿಷ ನೀರು ಹರಿಯಲಿ. ಮೊದಲು ಬರುವುದು ಪೈಪಿನಲ್ಲಿ ನಿಂತ, ತುಕ್ಕು ಕಲೆತ ನೀರು. ಟ್ಯಾಂಕಿನದನ್ನಾಗಲಿ ಫಿಲ್ಟರ್ ನೀರನ್ನಾಗಲಿ ಹಿಡಿಯದೆ, ಪಂಪಿನ ಬಾಯಿಂದಲೇ ಹಿಡಿಯಿರಿ. ನೀರು ಕದಡಿದ್ದರೆ ತಿಳಿಯಾಗುವವರೆಗೆ ಕಾಯಿರಿ, ಏಕೆಂದರೆ ಮಣ್ಣಿನ ಕಣದಲ್ಲಿರುವ ಲೋಹವನ್ನೂ ಆಮ್ಲ ಕರಗಿಸಿ ಲೆಕ್ಕ ಏರಿಸುತ್ತದೆ. ಬಾಟಲಿಯ ಮೇಲೆ ಊರು, ಸರ್ವೆ ನಂಬರ್, ಬಾವಿಯ ಆಳ, ದಿನಾಂಕ, ಹೊತ್ತು ಬರೆಯಿರಿ. ಬಾಟಲಿಯೂ ಬಾವಿಯೂ ಕಾಣುವಂತೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ.

ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ವರದಿ ಓದುವುದು

ಕುಡಿಯುವ ನೀರಿನ ಭಾರತೀಯ ಮಾನದಂಡದ (ಐಎಸ್ 10500) ಪ್ರಕಾರ ಲೀಟರಿಗೆ ಆರ್ಸೆನಿಕ್, ಸೀಸ, ಸೆಲೆನಿಯಂ ತಲಾ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮೀರುವಂತಿಲ್ಲ. ವರದಿ ಮೈಕ್ರೊಗ್ರಾಂನಲ್ಲಿದ್ದರೆ ಸಾವಿರದಿಂದ ಭಾಗಿಸಿ ನೋಡಿ. ‘ಬಿಡಿಎಲ್’ ಎಂದಿದ್ದರೆ ಅಲ್ಲಿಗೇ ಸಮಾಧಾನಪಡಬೇಡಿ. ಯಂತ್ರ ಪತ್ತೆ ಹಚ್ಚಬಲ್ಲ ಮಟ್ಟಕ್ಕಿಂತ ಕಡಿಮೆ ಎಂದಷ್ಟೇ ಅದರ ಅರ್ಥ. ಆ ಮಟ್ಟವೇ ಆರ್ಸೆನಿಕ್‌ಗೆ 0.05 ಇದ್ದರೆ, ಮಿತಿಯ ನಾಲ್ಕು ಪಟ್ಟು ವಿಷವಿದ್ದರೂ ‘ಬಿಡಿಎಲ್’ ಎಂದೇ ಬರುತ್ತದೆ. ಪತ್ತೆ ಮಿತಿ ಎಷ್ಟು ಎಂಬುದನ್ನು ವರದಿಯಲ್ಲೇ ಬರೆಸಿಕೊಳ್ಳಿ.

ಮಿತಿ ಮೀರಿದ್ದರೆ

ಅಂದಿನಿಂದಲೇ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ವರದಿಯ ಪ್ರತಿ ಸೇರಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತ ಅರ್ಜಿ ಕೊಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಒಂದು ಪ್ರತಿ ಕಳಿಸಿ. ಎರಡೂ ಕಡೆ ಸ್ವೀಕೃತಿ ಪಡೆಯಿರಿ. ಬೂದಿ ಹೊಂಡದ ಸುತ್ತಲಿನ ಅಂತರ್ಜಲವನ್ನು ಲೋಹಗಳಿಗಾಗಿ ಪರೀಕ್ಷಿಸುತ್ತಿರಬೇಕು ಎಂಬುದು ಶಾಖೋತ್ಪನ್ನ ಕೇಂದ್ರಗಳಿಗೆ ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ವಿಧಿಸುವ ಷರತ್ತು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅದೇ ಮಂಡಳಿಗೆ ಅರ್ಜಿ ಹಾಕಿ, ಕಳೆದ ಐದು ವರ್ಷಗಳ ಅಂತಹ ವರದಿಗಳನ್ನೂ ನೀರು ಹಿಡಿದ ಬಾವಿಗಳ ನಕ್ಷೆಯನ್ನೂ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು. ಬಂದ ಅಂಕಿಗಳನ್ನು ನಿಮ್ಮ ವರದಿಯ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ದಾಖಲಿಸಲು ಪಟ್ಟು ಹಿಡಿಯಿರಿ.