ವಾರಾಂತ್ಯದ ಐಸ್ ಹಾಕಿ ಟೂರ್ನಿಯಲ್ಲಿ ತಂಡದ ಕಸುವು ಉಳಿಸಿಕೊಳ್ಳುವ ಬಗೆ

ಶುಕ್ರವಾರ ಸಂಜೆಯಿಂದ ಭಾನುವಾರದೊಳಗೆ ನಾಲ್ಕೈದು ಪಂದ್ಯಗಳನ್ನು ಆಡಬೇಕಾದ ವಿಶ್ವವಿದ್ಯಾಲಯ ತಂಡವು ಮೊದಲು ಓದಬೇಕಾದದ್ದು ಟೂರ್ನಿಯ ನಿಯಮಗಳನ್ನು. ಅಂಕಗಳು ಸಮವಾದಾಗ ಪರಸ್ಪರ ಪಂದ್ಯದ ಫಲಿತಾಂಶವನ್ನು ನೋಡುತ್ತಾರೋ ಗೋಲುಗಳ ಅಂತರವನ್ನು ನೋಡುತ್ತಾರೋ ಎಂಬುದು ಗೊತ್ತಿದ್ದರೆ, ಸೋಲುತ್ತಿರುವ ಪಂದ್ಯದ ಕೊನೆಯ ನಿಮಿಷದಲ್ಲಿ ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿಕೊಂಡು ಆರನೆಯ ಆಟಗಾರನನ್ನು ಇಳಿಸಬೇಕೇ ಎಂಬ ನಿರ್ಧಾರ ಸುಲಭವಾಗುತ್ತದೆ. ಖಾಲಿ ಗೋಲಿಗೆ ನುಗ್ಗಿದ ಒಂದೇ ಒಂದು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸೆಮಿಫೈನಲ್ ಅವಕಾಶವನ್ನೇ ಕಸಿದುಕೊಳ್ಳಬಹುದು.

ಪೂರ್ಣ ಪಂದ್ಯವು ತಲಾ 20 ನಿಮಿಷಗಳ 3 ಅವಧಿಗಳದ್ದು. ಇಂಥ ಟೂರ್ನಿಗಳಲ್ಲಿ ಅವಧಿಯನ್ನು ಮೊಟಕುಗೊಳಿಸುವುದೂ ಉಂಟು. ಏನೇ ಇರಲಿ, ಯಾವ ಆಟಗಾರನನ್ನೂ ಒಂದು ಸರದಿಗೆ ಸುಮಾರು 45 ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಮಂಜುಗಡ್ಡೆಯ ಮೇಲೆ ಬಿಡಬೇಡಿ. ದಣಿದವನು ಮೊಣಕಾಲು ಬಾಗಿಸುವುದನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಾನೆ, ಪಕ್ ಇರುವಲ್ಲಿಗೆ ಧಾವಿಸುವ ಬದಲು ಸ್ಟಿಕ್ಕನ್ನಷ್ಟೇ ಚಾಚಿ ಎದುರಾಳಿಯ ಕಾಲಿಗೆ ತಗುಲಿಸುತ್ತಾನೆ, ಆಮೇಲೆ 2 ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂರುತ್ತಾನೆ. ಆದ್ದರಿಂದ ಎಲ್ಲ ಸಾಲುಗಳನ್ನೂ, ಅಂದರೆ ಒಟ್ಟಿಗೆ ಕಣಕ್ಕಿಳಿಯುವ ಆಟಗಾರರ ಗುಂಪುಗಳನ್ನೂ, ಮೊದಲ ಪಂದ್ಯದಿಂದಲೇ ಸಮನಾಗಿ ಆಡಿಸಿ. ಮೊದಲ ಸಾಲಿನವರು ಗೊಣಗುತ್ತಾರೆ, ಗೊಣಗಲಿ.

ಎರಡನೆಯ ಗೋಲ್‌ಕೀಪರ್‌ಗೆ ಶನಿವಾರದ ಒಂದು ಪಂದ್ಯವನ್ನು ಪೂರ್ತಿಯಾಗಿ ಕೊಡುವುದು ಒಳ್ಳೆಯದು. ಬಿಡುವಿನಲ್ಲಿ ಕೈಗವಸು, ಸ್ಕೇಟುಗಳನ್ನು ಚೀಲದಿಂದ ಹೊರತೆಗೆದು ಆರಲು ಬಿಡಿ. ಬ್ಲೇಡಿನ ಅಂಚಿನ ಮೇಲೆ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದಾಗ ಸಣ್ಣ ಹೊಟ್ಟು ಏಳದಿದ್ದರೆ, ಮುಂದಿನ ಪಂದ್ಯಕ್ಕೆ ಮೊದಲೇ ಸಾಣೆ ಹಿಡಿಸಿ.